ಕಂಪೈಲ್ ಮಾಡುವ ಹೊಣೆ ಯಾರದು?

ಮುಂಬಯಿ ಬಳಿಯ ಬೇಲಾಪುರದ ಏಳನೇ ಸೆಕ್ಟರಿನಲ್ಲಿ, ಖಾರಘರ ರೈಲು ನಿಲ್ದಾಣದ ಎದುರಿಗಿರುವ ಸಿ-ಡ್ಯಾಕ್ ಎಂಬ ಗಣಕತಂತ್ರಜ್ಞಾನ ಸಂಸ್ಥೆಯ ಕೇಂದ್ರದ ಬೇರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದೆ. ಅಲ್ಲಿಂದ ಕವಲೊಡೆದು 1985ರಲ್ಲಿ ಸ್ವತಂತ್ರವಾದ ತಂತ್ರಾಂಶ ಸಂಸ್ಥೆ ಎನ್‌ಸಿಎಸ್‌ಟಿ 2003ರಲ್ಲಿ ಸಿ-ಡ್ಯಾಕ್‌ನಲ್ಲಿ ವಿಲೀನವಾಯಿತು. ಟಾಟಾ ಸಂಸ್ಥೆಗೆ 1964ರಲ್ಲಿ ಸಿಡಿಸಿ 3600 ಗಣಕಯಂತ್ರ ಬಂದಾಗ ಹಲವು ಸಂಸ್ಥೆಗಳ ಸಂಶೋಧಕರು ತೂತು ಕೊರೆದ ಕಾರ್ಡುಗಳ ಕಟ್ಟನ್ನು ಆ ಒಂದೇ ಯಂತ್ರಕ್ಕೆ ಒಪ್ಪಿಸುತ್ತಿದ್ದುದರಿಂದ, ಒಬ್ಬರಲ್ಲಿ ನಡೆದ ಪ್ರೋಗ್ರಾಂ ಇನ್ನೊಬ್ಬರಲ್ಲಿ ಏಕೆ ನಡೆಯದೆಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿಸುವ ಕಂಪೈಲರೂ ಅದನ್ನು ನೋಡಿಕೊಳ್ಳುವ ಸಿಬ್ಬಂದಿಯೂ ಯಂತ್ರದ ಜೊತೆಗೇ ಇದ್ದರು.

ಮೇಜಿಗೊಂದು ಗಣಕಯಂತ್ರ ಬಂದ ಮೇಲೆ ಕಂಪೈಲ್ ಮಾಡುವ ಹೊಣೆ ಬಳಕೆದಾರನ ಹೆಗಲೇರಿತು. 1991ರಲ್ಲಿ ಪ್ರಕಟವಾದ ಪೈಥಾನ್ ಭಾಷೆ ಕಲಿಯಲು ಸುಲಭ, ಆದರೆ ಲೆಕ್ಕದಲ್ಲಿ ನಿಧಾನ. ಆದ್ದರಿಂದ 1995ರ ನ್ಯೂಮೆರಿಕ್, 2001ರ ಸೈಪೈ, 2006ರ ನಂಪೈ ಎಂಬ ಲೈಬ್ರರಿಗಳು, ಅಂದರೆ ಸಿದ್ಧ ಪ್ರೋಗ್ರಾಮುಗಳ ಸಂಗ್ರಹಗಳು, ಭಾರವಾದ ಲೆಕ್ಕವನ್ನು ಸಿ ಮತ್ತು ಫೋರ್ಟ್ರಾನ್ ಭಾಷೆಗಳಲ್ಲಿ ಬರೆದ ಭಾಗಗಳಿಗೆ ವಹಿಸಿದವು. ಅಂಥ ಭಾಗಗಳನ್ನು ಪ್ರತಿಯೊಂದು ಆಪರೇಟಿಂಗ್ ಸಿಸ್ಟಮಿಗೂ ಪ್ರತಿಯೊಂದು ಬಗೆಯ ಪ್ರೊಸೆಸರಿಗೂ ಬೇರೆಬೇರೆಯಾಗಿ ಕಂಪೈಲ್ ಮಾಡಬೇಕು. ಲಿನಕ್ಸ್‌ನಲ್ಲಿ ಕಂಪೈಲರ್ ಸುಲಭವಾಗಿ ಸಿಗುತ್ತಿತ್ತು. ವಿಂಡೋಸ್‌ನಲ್ಲಿ ಅದನ್ನು ಹೊಂದಿಸುವುದೇ ದೊಡ್ಡ ಪಾಡಾಗಿ, ಅಂಕಿಅಂಶದ ವಿದ್ಯಾರ್ಥಿ ತನ್ನ ಪ್ರಯೋಗಕ್ಕೆ ಮೊದಲು ಫೋರ್ಟ್ರಾನ್ ದೋಷಸಂದೇಶಗಳನ್ನು ಓದಬೇಕಾಗುತ್ತಿತ್ತು.

2007ರ ವರ್ಚುವಲ್‌ಎನ್ವ್ ಒಂದೊಂದು ಕೆಲಸಕ್ಕೂ ಪ್ರತ್ಯೇಕ ಪರಿಸರವನ್ನು, ಅಂದರೆ ಬೇಕಾದ ಲೈಬ್ರರಿಗಳ ಬೇಕಾದ ಆವೃತ್ತಿಗಳನ್ನು ಬೇರ್ಪಡಿಸಿಟ್ಟ ಕಡತಕೋಶವನ್ನು ಒದಗಿಸಿತು. ಮರುವರ್ಷದ ಪಿಪ್ ಲೈಬ್ರರಿಗಳನ್ನು ಅಂತರ್ಜಾಲದಿಂದ ತಂದು ಹಾಕಿತು. ಕಂಪೈಲ್ ಮಾಡುವ ಹೊಣೆಯನ್ನು ಮಾತ್ರ ಇವೆರಡೂ ಮುಟ್ಟಲಿಲ್ಲ. ಅದನ್ನು ಬಳಕೆದಾರನ ಹೆಗಲಿನಿಂದ ಇಳಿಸಿದ್ದು, ಫೋರ್ಟ್ರಾನ್ ಭಾಗಗಳನ್ನೂ ಮೊದಲೇ ಕಂಪೈಲ್ ಮಾಡಿ ಹಂಚಿದ 2012ರ ಅನಕೊಂಡ ಮತ್ತು ಅದರ ಹಿಂದೆಯೇ ಬಂದ, ‘ವೀಲ್’ ಎಂಬ ಸಿದ್ಧ ಕಡತರೂಪ. ಪೈಥಾನ್‌ನ ಜನಪ್ರಿಯತೆಗೆ ಭಾಷೆಯ ಸರಳತೆಯನ್ನೇ ಕಾರಣವಾಗಿ ಹೇಳುವವರು ಈ ಕಾಣದ ದುಡಿಮೆಯನ್ನು ಮರೆಯುತ್ತಾರೆ.

ಪೈಥಾನ್ ಕಲಿಸುವ ಹೊಣೆಯನ್ನು ಹೊತ್ತವರೂ ಇದ್ದರು. ಬೇಲಾಪುರಕ್ಕೆ ದೂರವಲ್ಲದ ಪವಯಿಯ ಐಐಟಿ ಬಾಂಬೆಯಲ್ಲಿ, ಶಿಕ್ಷಣದಲ್ಲಿ ಮುಕ್ತ ತಂತ್ರಾಂಶದ ಬಳಕೆಯನ್ನು ಹರಡುವ ಫಾಸೀ ಯೋಜನೆ ಪೈಥಾನನ್ನು ಕಾಲೇಜುಗಳಿಗೆ ಒಯ್ದಿತು. ಅಲ್ಲಿನದೇ ಆದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಕಿರು ವಿಡಿಯೋ ಪಾಠಗಳು ಕನ್ನಡ ಧ್ವನಿಯಲ್ಲೂ ದೊರೆಯುವುದರಿಂದ, ಇಂಗ್ಲಿಷಿನಲ್ಲಿ ತಡವರಿಸುವ ವಿದ್ಯಾರ್ಥಿಯೂ ಪಾಠ ಕೇಳುತ್ತಲೇ ಪಕ್ಕದಲ್ಲಿ ಅಭ್ಯಾಸ ಮಾಡಬಹುದು.

2020ರಲ್ಲಿ ಆಪಲ್ ತನ್ನ ಎಂ1 ಚಿಪ್ಪಿನ ಗಣಕಯಂತ್ರಗಳನ್ನು ತಂದಾಗ ಹಳೆಯ ಪಾಡು ಮರಳಿತು. ಆ ಚಿಪ್ಪಿಗೆಂದೇ ಸಿದ್ಧವಾದ ಕಡತಗಳಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಈಗ ಎಲ್ಲ ಲೈಬ್ರರಿಗಳ ನಿಖರ ಆವೃತ್ತಿಗಳನ್ನು ನಮೂದಿಸಿದ ‘ಲಾಕ್’ ಕಡತವೊಂದಿದ್ದರೆ ಪರಿಸರವನ್ನು ಇನ್ನೊಂದು ಯಂತ್ರದಲ್ಲಿ ಮತ್ತೆ ಕಟ್ಟಬಹುದು. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಮಾತ್ರ ಆ ಪಟ್ಟಿಗೆ ಸೇರುವುದಿಲ್ಲ, ಅದನ್ನು ಆಯಾ ಯಂತ್ರದಲ್ಲಿ ಬೇರೆಯಾಗಿಯೇ ಹಾಕಿಕೊಳ್ಳಬೇಕು.