ದಸರಾ ರಜೆಯಲ್ಲಿ ತಮ್ಮ ತಂಗಿಯರಿಗೆ ಮಾಡಿಕೊಡುವ ಆಟಿಕೆಗಳು



ನಮ್ಮ ಹಿರಿಯರು ವರ್ಷವನ್ನು ಆರು ಋತುಗಳಾಗಿ ಭಾಗ ಮಾಡಿದ್ದಾರೆ. ಆಶ್ವಯುಜ ಮತ್ತು ಕಾರ್ತಿಕ ಮಾಸ ಸೇರಿದರೆ ಶರದೃತು. ದಸರಾ, ದೀಪಾವಳಿ ಎರಡೂ ಹಬ್ಬಗಳು ಇದರಲ್ಲೇ ಬರುತ್ತವೆ. ನಮಗೆ ದಸರಾ ರಜೆ ಸಿಗುವುದೂ ಆಗಲೇ. ಹೊಲದಲ್ಲಿ ಕಡ್ಲೆಕಾಯಿ ಕೀಳುವ ಕೆಲಸ ಬರುವುದೂ ಆಗಲೇ. ಮುಂಗಾರಿನಲ್ಲಿ ಬಿತ್ತಿದ ಕಡ್ಲೆಕಾಯಿ ಸುಮಾರು ನಾಲ್ಕು ತಿಂಗಳಿಗೆ ಬಲಿಯುತ್ತದೆ. ಭೂಮಿ ಒಣಗಿ ಗಟ್ಟಿಯಾಗುವುದರೊಳಗೆ ಕೀಳಬೇಕು, ಇಲ್ಲದಿದ್ದರೆ ಕಾಯಿ ಮಣ್ಣಲ್ಲೇ ಕಿತ್ತು ಉಳಿಯುತ್ತದೆ. ಆದ್ದರಿಂದ ಅಪ್ಪ ಅವ್ವ ಬೆಳಗಾಗುತ್ತಲೇ ಹೊಲಕ್ಕೆ ಹೋಗುತ್ತಾರೆ. ಮನೆಯಲ್ಲಿ ಉಳಿಯೋರು ಅಜ್ಜಿ, ನಾವು ಮತ್ತು ನಮ್ಮ ಚಿಕ್ಕ ತಮ್ಮ ತಂಗಿಯರು. "ಮಗೂನ ನೋಡ್ಕೊ, ನೀರಿನ ಕಡೆ ಬಿಡಬ್ಯಾಡ" ಅಂತ ಹೇಳಿ ಹೋಗುತ್ತಾರೆ.

ಈ ಮಾತನ್ನು ಹಗುರಾಗಿ ತಗೋಬಾರದು. ನಮ್ಮ ಕಡೆ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಹಾಗಾಗಿ ರಜೆ ಸಮಯಕ್ಕೆ ಸರಿಯಾಗಿ ಕಟ್ಟೆ, ಗುಂಡಿ, ಕೃಷಿ ಹೊಂಡಗಳಲ್ಲಿ ನೀರಿರುತ್ತದೆ. 2014ರಲ್ಲಿ ಸರ್ಕಾರ ಕೃಷಿ ಭಾಗ್ಯ ಯೋಜನೆ ತಂದ ಮೇಲೆ ಬಹಳ ಹೊಲಗಳಲ್ಲಿ ಕೃಷಿ ಹೊಂಡ ಆಗಿವೆ. ಬೆಳೆಗೆ ಅದು ಒಳ್ಳೆಯದೇ. ಆದರೆ ನೀರು ಇಂಗದಿರಲಿ ಅಂತ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದು ಪಾಚಿ ಕಟ್ಟಿ ಜಾರುತ್ತದೆ, ಬಿದ್ದವರಿಗೆ ಹಿಡಿದುಕೊಳ್ಳೋಕೆ ಏನೂ ಸಿಗಲ್ಲ. ಚಿಕ್ಕ ಮಕ್ಕಳನ್ನು ಬರೀ ಗದರಿಸಿ ಮನೆ ಹತ್ತಿರ ಕೂರಿಸೋಕೆ ಆಗಲ್ಲ. ಕೈಗೆ ಏನಾದರೂ ಕೆಲಸ ಕೊಟ್ಟರೆ ಮಾತ್ರ ಕೂರುತ್ತಾರೆ. ಅದಕ್ಕೆ ಕಾಸು ಖರ್ಚಿಲ್ಲದೆ ಜಗಲಿ ಮೇಲೆ ಕೂತು ಮಾಡುವ ಐದು ವಸ್ತುಗಳನ್ನು ಇಲ್ಲಿ ವಿವರಿಸಿದ್ದೇನೆ.

ಅವರ ಶರದೃತು ಬೇರೆ, ನಮ್ಮದು ಬೇರೆ

ಪುಸ್ತಕಗಳಲ್ಲಿ ಶರತ್ಕಾಲದ ಚಿತ್ರ ಅಂದರೆ ಕೆಂಪು, ಹಳದಿ ಎಲೆ ಉದುರುವ ಮರ ಹಾಕಿರುತ್ತಾರೆ. ಅದು ಚಳಿ ದೇಶದ ಚಿತ್ರ. ಅಲ್ಲಿ ಚಳಿಗಾಲಕ್ಕೆ ಮುಂಚೆ ಬಿಸಿಲು ಕಡಿಮೆಯಾಗುತ್ತದೆ, ಎಲೆಯಲ್ಲಿರುವ ಪತ್ರಹರಿತ್ತು ಎಂಬ ಹಸಿರು ವಸ್ತು ಕರಗಿಹೋಗುತ್ತದೆ. ಅದರ ಕೆಳಗೆ ಮೊದಲೇ ಇದ್ದ ಹಳದಿ ಬಣ್ಣ ಆಗ ಕಾಣುತ್ತದೆ. ಆಮೇಲೆ ಎಲೆ ಉದುರುತ್ತದೆ. ಅಲ್ಲಿನ ಮಕ್ಕಳು ಆ ಎಲೆಗಳನ್ನು ಆರಿಸಿ ಅಂಟಿಸಿ ಚಿತ್ರ ಮಾಡುತ್ತಾರೆ.

ನಮ್ಮ ಕಡೆ ಶರದೃತುವಿನಲ್ಲಿ ಮಳೆ ಬಿದ್ದು ಮರ ಗಿಡ ಹಸಿರಾಗಿರುತ್ತವೆ. ನಮ್ಮ ಮುತ್ತುಗ, ಅರಳಿ ಮುಂತಾದ ಮರಗಳು ಎಲೆ ಉದುರಿಸುವುದು ಸಂಕ್ರಾಂತಿ ಕಳೆದ ಮೇಲೆ. ಚಳಿಗೆ ಹೆದರಿ ಅಲ್ಲ, ನೀರು ಉಳಿಸೋಕೆ. ಎಲೆಯಿಂದ ನೀರು ಆವಿಯಾಗಿ ಹೋಗುತ್ತದೆ ಎಂದು ನಾವು ವಿಜ್ಞಾನದಲ್ಲಿ ಓದಿದ್ದೇವೆ. ಆದ್ದರಿಂದ ಶರದೃತುವಿನಲ್ಲಿ ನಮಗೆ ಉದುರಿದ ಎಲೆ ಸಿಗುವುದು ಕಡಿಮೆ. ಆದರೆ ಸುಗ್ಗಿಯ ದಂಟು, ಸಿಪ್ಪೆ, ಗರಿ, ಪಟ್ಟೆ ಬೇಕಾದಷ್ಟು ಸಿಗುತ್ತವೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿವೆ. ನಾಲ್ಕರಲ್ಲಿ ಎಲ್ಲೇ ಇದ್ದರೂ ಇವುಗಳಲ್ಲಿ ಎರಡು ಮೂರಾದರೂ ಸಿಕ್ಕೇ ಸಿಗುತ್ತವೆ.

ಮೊದಲು ಒಂದು ನಿಯಮ

ದನ ತಿನ್ನೋದನ್ನು ನಾವು ಮುಟ್ಟಬಾರದು. ಕಡ್ಲೆಕಾಯಿ ಬಳ್ಳಿ, ಜೋಳದ ಸೊಪ್ಪೆ, ರಾಗಿ ಹುಲ್ಲು ಇವೆಲ್ಲ ಮುಂದಿನ ಮಳೆಗಾಲದವರೆಗೆ ದನಕರುಗಳ ಅನ್ನ. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಬರಗಾಲ ಹೊಸದಲ್ಲ. ಬೇಸಿಗೆಯಲ್ಲಿ ಒಂದು ಹೊರೆ ಮೇವಿಗೆ ಎಷ್ಟು ಅಲೆಯಬೇಕು ಅಂತ ಎಲ್ಲರಿಗೂ ಗೊತ್ತಿದೆ. ಆದ್ದರಿಂದ ದನ ತಿಂದು ಬಿಟ್ಟ ದಂಟಿನ ಬುಡ, ಸುಲಿದ ಸಿಪ್ಪೆ, ತಾನಾಗಿ ಬಿದ್ದ ಗರಿ ಮತ್ತು ಪಟ್ಟೆ ಇಷ್ಟನ್ನೇ ತಗೋಬೇಕು. ಬಣವೆಗೆ ಕೈ ಹಾಕಬಾರದು. ಅಲ್ಲಿ ಹಾವು, ಚೇಳು ಕೂಡ ಇರುತ್ತವೆ.

1. ತೆಂಗಿನ ಗರಿ ಪೀಪಿ

ಶಿರಾ ಕಡೆಯವರಿಗೆ ತೆಂಗು ಹೊಸದೇನಲ್ಲ. ಹಸಿ ಗರಿಯಲ್ಲಿ ಒಂದು ಎಲೆ ತಗೊಂಡು ನಡುವಿನ ಕಡ್ಡಿ ಸೀಳಿ ತೆಗೆಯಿರಿ. ಎರಡು ಪಟ್ಟಿ ಸಿಗುತ್ತವೆ. ಒಂದು ಪಟ್ಟಿಯನ್ನು ಸಣ್ಣ ತುದಿಯಿಂದ ಓರೆಯಾಗಿ ಸುತ್ತುತ್ತಾ ಬನ್ನಿ. ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಬರಬೇಕು. ಆಗ ಅದು ಲಾಳಿಕೆ ಆಕಾರಕ್ಕೆ ಬರುತ್ತದೆ. ಪಟ್ಟಿ ಮುಗಿದರೆ ಎರಡನೇ ಪಟ್ಟಿ ಸೇರಿಸಿ ಸುತ್ತಿ. ಕೊನೆಗೆ ಬಿಚ್ಚಿಕೊಳ್ಳದ ಹಾಗೆ ಕಡ್ಡಿ ಚುಚ್ಚಿ. ಚಿಕ್ಕ ಬಾಯಿಗೆ ಗರಿಯ ಸಣ್ಣ ತುಂಡನ್ನು ಎರಡಾಗಿ ಮಡಿಚಿ ಸಿಕ್ಕಿಸಿ ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ. ಊದಿದರೆ ಪೀ... ಅನ್ನುತ್ತದೆ.

ಇದು ಏಕೆ ಕೂಗುತ್ತದೆ? ಊದಿದಾಗ ಆ ಎರಡು ಮಡಿಕೆಗಳು ಬಹಳ ಬೇಗ ಬೇಗ ನಡುಗುತ್ತವೆ. ನಡುಕವೇ ಶಬ್ದ. ಉದ್ದ ಪೀಪಿ ದಪ್ಪ ದನಿ ಕೊಡುತ್ತದೆ, ಮೋಟು ಪೀಪಿ ಕೀಚಲು ದನಿ ಕೊಡುತ್ತದೆ. ಎರಡನ್ನೂ ಮಾಡಿ ಊದಿ ನೋಡಿದರೆ ಚಿಕ್ಕವರಿಗೂ ತಿಳಿಯುತ್ತದೆ. ಅರವಿಂದ ಗುಪ್ತಾ ಎಂಬುವರು ಬಿಸಾಕಿದ ಸಾಮಾನಿನಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾ ಬಂದಿದ್ದಾರೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹಾಗಾಗಿ ಪೀಪಿ ಮಾಡೋದನ್ನು ಯಾರೂ "ಇದೇನು ಹುಡುಗಾಟ" ಅಂತ ನಗುವ ಹಾಗಿಲ್ಲ.

2. ಜೋಳದ ದಂಟಿನ ಕನ್ನಡಕ ಮತ್ತು ಗಾಡಿ

ಇದಕ್ಕೆ ಜೋಳ ಅಥವಾ ಮುಸುಕಿನ ಜೋಳದ ಒಣಗಿದ ದಂಟಿನ ಬುಡ ಬೇಕು. ಮುಸುಕಿನ ಜೋಳದ ಬುಡ ಗಟ್ಟಿ ಇರುವುದರಿಂದ ದನಗಳು ಬಿಟ್ಟುಬಿಡುತ್ತವೆ. ಅದರ ಹೊರಗಿನ ಸಿಪ್ಪೆಯನ್ನು ಸೀಳಿ ಬೇರೆ ಮಾಡಿ. ಒಳಗೆ ಬಿಳಿ ಬೆಂಡು ಸಿಗುತ್ತದೆ. ಬೆಂಡೇ ನಮಗೆ ಮರ, ಸಿಪ್ಪೆಯ ಸೀಳೇ ಮೊಳೆ.

ಕನ್ನಡಕಕ್ಕೆ ಹೆಬ್ಬೆರಳಿನಷ್ಟು ಉದ್ದದ ಒಂದು ಬೆಂಡಿನ ತುಂಡು ಸಾಕು. ಎರಡು ತೆಳು ಸೀಳನ್ನು ಬಗ್ಗಿಸಿ, ಎರಡೂ ತುದಿ ಬೆಂಡಿಗೆ ಚುಚ್ಚಿದರೆ ಎರಡು ಉಂಗುರ ಆಗುತ್ತವೆ. ಉಂಗುರದ ಹೊರಮಗ್ಗುಲಿಗೆ ಒಂದೊಂದು ಚಿಕ್ಕ ಬೆಂಡು ಸಿಕ್ಕಿಸಿ, ಅದಕ್ಕೆ ಕಿವಿಗೆ ಹೋಗುವ ಕಡ್ಡಿ ಚುಚ್ಚಿ. ಕಡ್ಡಿಯ ಚೂಪು ತುದಿಗೂ ಬೆಂಡು ಸಿಕ್ಕಿಸಲೇಬೇಕು. ತಾತನ ಕನ್ನಡಕ ರೆಡಿ.

ಗಾಡಿಗೆ ಮುಸುಕಿನ ಜೋಳದ ದಪ್ಪ ಬೆಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದರೆ ಚಕ್ರ. ಚಕ್ರದ ನಡುವೆ ಸೀಳು ಚುಚ್ಚಿದರೆ ಅಚ್ಚು. ಮೇಲೆ ನಾಲ್ಕು ಕಡ್ಡಿ ಅಡ್ಡ, ಎರಡು ಉದ್ದ ಚುಚ್ಚಿ ಮೂಕಿ ಇಡಿ. ದಂಟಿನ ಸಿಪ್ಪೆ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಆದ್ದರಿಂದ ಸೀಳುವುದು ನಮ್ಮ ಕೆಲಸ, ಚುಚ್ಚಿ ಜೋಡಿಸುವುದು ಚಿಕ್ಕವರ ಕೆಲಸ.

3. ಅಡಿಕೆ ಪಟ್ಟೆಯ ಮುಖವಾಡ

ಕೊರಟಗೆರೆ ಕಡೆ ತೋಟಗಳಲ್ಲಿ ಅಡಿಕೆ ಪಟ್ಟೆ ಬಿದ್ದಿರುತ್ತದೆ. ಕೆಲವರು ಹಾಳೆ ಅಂತಾರೆ. ಇದನ್ನೇ ಮಿಷಿನ್ನಿನಲ್ಲಿ ಬಿಸಿಯಾಗಿ ಒತ್ತಿ ಊಟದ ತಟ್ಟೆ ಮಾಡುತ್ತಾರೆ. ಒಣಗಿದ ಪಟ್ಟೆ ಕತ್ತರಿಸಿದರೆ ಸೀಳಿಹೋಗುತ್ತದೆ. ಒಂದು ರಾತ್ರಿ ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಆಗ ಮುಖದ ಅಳತೆಗೆ ಕತ್ತರಿಸಿ, ಕಣ್ಣು ಬಾಯಿಗೆ ತೂತು ಮಾಡಿ, ಕಿವಿ ಹತ್ತಿರ ದಾರ ಕಟ್ಟಿ. ಬಣ್ಣಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ಇದ್ದಿಲು ಕಪ್ಪು, ಅರಿಶಿನ ಹಳದಿ, ಸುಣ್ಣ ಬಿಳಿ, ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಸುಣ್ಣ ಹಚ್ಚುವುದು ದೊಡ್ಡವರೇ. ಅದೂ ಹೊರಮಗ್ಗುಲಿಗೆ ಮಾತ್ರ. ಪೂರ್ತಿ ಒಣಗಿದ ಮೇಲೆ ಹಾಕಿಕೊಳ್ಳಬೇಕು.

ಉಳಿದ ಪಟ್ಟೆಯ ಮೇಲೆ ಮಗುವನ್ನು ಕೂರಿಸಿ ಎಳೆದರೆ ಅದೇ ಬಸ್ಸು. ಅಂಗಳದಲ್ಲಿ ಮಾತ್ರ ಎಳೆಯಿರಿ, ರಸ್ತೆಯಲ್ಲಿ ಬೇಡ.

4. ಕಡ್ಲೆಕಾಯಿ ಬೆರಳು ಗೊಂಬೆ

ಪಾವಗಡ ಅಂದರೆ ಕಡ್ಲೆಕಾಯಿ. ಎರಡು ಬೀಜದ ಕಾಯಿಯನ್ನು ಸೊಂಟದ ಹತ್ತಿರ ಹುಷಾರಾಗಿ ಮುರಿದರೆ ಕಿರುಬೆರಳಿಗೆ ಟೋಪಿ ಹಾಗೆ ಕೂರುತ್ತದೆ. ಪೆನ್ನಿನಲ್ಲಿ ಕಣ್ಣು, ಮೂಗು, ಮೀಸೆ ಬರೆಯಿರಿ. ಮುಸುಕಿನ ಜೋಳದ ತೆನೆಯ ಕೂದಲನ್ನು ಮೈದಾ ಅಂಟಿನಲ್ಲಿ ಅಂಟಿಸಿದರೆ ಜುಟ್ಟು. ಐದು ಬೆರಳಿಗೆ ಐದು ಗೊಂಬೆ ಮಾಡಿದರೆ ಅಜ್ಜಿ, ತಾತ, ಅಪ್ಪ, ಅವ್ವ, ಮಗು ಒಂದು ಸಂಸಾರವೇ ಆಗುತ್ತದೆ. ಸಂಜೆ ಬೆಳಕಿಗೆ ಹಿಡಿದರೆ ಗೋಡೆ ಮೇಲೆ ನೆರಳು ಬೀಳುತ್ತದೆ, ತೊಗಲು ಗೊಂಬೆಯಾಟದ ಹಾಗೆ ಕಥೆ ಹೇಳಬಹುದು.

ಒಣಗಿದ ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಒಣಗಿದಾಗ ಒಳಗಿನ ಬೀಜ ಕುಗ್ಗಿ ಸಿಪ್ಪೆಯಿಂದ ಬಿಡುವುದೇ ಇದಕ್ಕೆ ಕಾರಣ. ರೈತರೂ ಕಾಯಿ ಒಣಗಿತೋ ಇಲ್ಲವೋ ಎಂದು ಹೀಗೇ ಅಲ್ಲಾಡಿಸಿ ನೋಡುತ್ತಾರೆ.

ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಆಗಿದೆ, 2018ರಲ್ಲಿ ಅದರ ಉದ್ಘಾಟನೆ ಆಯಿತು. ಹೊಲ ಅಲ್ಲಿಗೆ ಕೊಟ್ಟವರ ಮನೆಯಲ್ಲಿ ಕಡ್ಲೆಕಾಯಿ ಇರದೇ ಇರಬಹುದು. ಅಂಥ ಗೆಳೆಯರಿಗೆ ಒಂದು ಹಿಡಿ ಕಾಯಿ ಕೊಡಿ, ಗೊಂಬೆಗೆ ಅಷ್ಟು ಸಾಕು.

ಎರಡು ಎಚ್ಚರಿಕೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡ್ಲೆಬೀಜ ತಿನ್ನಲು ಕೊಡಬಾರದು. ನಗುತ್ತಾ ಓಡುತ್ತಾ ತಿಂದರೆ ಬೀಜ ಉಸಿರಿನ ದಾರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಬೂಷ್ಟು ಹಿಡಿದ ಕಾಯಿಯನ್ನು ಯಾರೂ ತಿನ್ನಬಾರದು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಲಿವರ್ ಕೆಡಿಸುತ್ತದೆ.

5. ಅರಳಿ ಎಲೆಯ ಜಾಲರಿ

ಇದು ತಾಳ್ಮೆಯ ಕೆಲಸ. ಬಲಿತ ಅರಳಿ ಎಲೆ ನಾಲ್ಕೈದನ್ನು ವಿಜಯದಶಮಿ ದಿನ ಹಳೇ ಮಡಕೆಯಲ್ಲಿ ನೀರು ಹಾಕಿ ನೆನೆಯಲು ಬಿಡಿ. ಸೊಳ್ಳೆ ಮೊಟ್ಟೆ ಇಡದಂತೆ ಬಾಯಿಗೆ ಬಟ್ಟೆ ಕಟ್ಟಿ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಾಯಿಸಿ. ವಾಸನೆ ಬರುತ್ತದೆ, ಹೆದರಬೇಡಿ, ಎಲೆಯ ಹಸಿರು ಭಾಗ ಕೊಳೆಯುತ್ತಿದೆ ಎಂದರ್ಥ. ವಿಜಯದಶಮಿಯಿಂದ ದೀಪಾವಳಿ ಅಮಾವಾಸ್ಯೆಗೆ ಸುಮಾರು 20 ದಿನ. ಅಷ್ಟರಲ್ಲಿ ಹಸಿರು ಬಿಡುತ್ತದೆ, ಬಿಡದಿದ್ದರೆ ಇನ್ನೊಂದು ವಾರ ಇಡಿ. ಆಮೇಲೆ ನೀರಲ್ಲೇ ಇಟ್ಟು ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಮೆಲ್ಲಗೆ ಉಜ್ಜಿದರೆ ನರಗಳ ಜಾಲರಿ ಮಾತ್ರ ಉಳಿಯುತ್ತದೆ. ಪೇಪರಿನ ನಡುವೆ ಇಟ್ಟು ಒಣಗಿಸಿ. ಬೇರಿನಿಂದ ಬಂದ ನೀರು ಎಲೆಯ ಮೂಲೆ ಮೂಲೆಗೆ ಹೋಗುವ ದಾರಿ ಇದೇ. ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ಕಾಣುತ್ತದೆ. ಇದರ ಮೇಲೆ ಶುಭಾಶಯ ಬರೆದು ಹಬ್ಬಕ್ಕೆ ಕೊಡಬಹುದು.

ಇವನ್ನು ಮುಟ್ಟಬೇಡಿ

ಗುಲಗಂಜಿ, ಹರಳು ಬೀಜ ನೋಡೋಕೆ ಮಣಿ ಹಾಗೆ ಚೆಂದ. ಎರಡೂ ವಿಷ, ಅಗಿದರೆ ಜೀವಕ್ಕೇ ಅಪಾಯ. ಉಮ್ಮತ್ತಿ ಕಾಯಿ, ಕಣಗಿಲೆಯೂ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಕೆಡುತ್ತದೆ. ಕಾಂಗ್ರೆಸ್ ಗಿಡ ಮುಟ್ಟಿದರೆ ತುರಿಕೆ ಬರುತ್ತದೆ. ಆಟಿಕೆಗೆ ಇವು ಯಾವುದೂ ಬೇಡ. ಮಗು ಏನಾದರೂ ನುಂಗಿಬಿಟ್ಟರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ಕೂಡಲೇ ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿಸಿ, ನುಂಗಿದ ಬೀಜದ ಉಳಿದ ತುಂಡನ್ನು ಡಾಕ್ಟರಿಗೆ ತೋರಿಸಬೇಕು.

ಯಾರಿಗೆ ಯಾವ ಕೆಲಸ

ಎರಡು ಮೂರು ವರ್ಷದ ಮಗು ನೋಡಲಿ, ಪೀಪಿ ಕೇಳಲಿ, ಪಟ್ಟೆ ಬಸ್ಸಿನಲ್ಲಿ ಕೂರಲಿ. ಅದರ ಕೈಗೆ ಕಡ್ಲೆಕಾಯಿ, ಕಡ್ಡಿ ಕೊಡಬೇಡಿ. ನಾಲ್ಕೈದು ವರ್ಷದವರು ಬಣ್ಣ ಹಚ್ಚಲಿ, ಗೊಂಬೆಗೆ ಹೆಸರಿಡಲಿ. ಒಂದು ಎರಡನೇ ತರಗತಿಯವರು ಗರಿ ಸುತ್ತಲಿ, ಗಾಡಿ ಜೋಡಿಸಲಿ. ಚಾಕು, ಕತ್ತರಿ ನಮ್ಮ ಕೈಯಲ್ಲೇ ಇರಲಿ. ಅವರು ಮಾಡಿದ್ದು ಸೊಟ್ಟಗಿದ್ದರೆ ಕಿತ್ತು ನಾವೇ ಸರಿ ಮಾಡಬಾರದು. ಹಾಗೆ ಮಾಡಿದರೆ ಅವರು ಎದ್ದು ಹೋಗುತ್ತಾರೆ, ನಾವು ಮತ್ತೆ ಹಿಂದೆ ಓಡಬೇಕು.

ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕವೇ ಪಾಠ ಕಲಿಸಬೇಕು ಎಂದು ಹೇಳಿದ್ದರು. ಪೀಪಿಯಲ್ಲಿ ಶಬ್ದದ ಪಾಠ, ಅರಳಿ ಎಲೆಯಲ್ಲಿ ನರದ ಪಾಠ ಇರುವುದನ್ನು ನೋಡಿದರೆ ಆ ಮಾತು ನಿಜ ಅನ್ನಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೊಲದಲ್ಲಿ ಬಗ್ಗಿ ಕಾಯಿ ಕೀಳುತ್ತಿರುವ ಅವ್ವನಿಗೆ ಮಗು ಎಲ್ಲಿ ಹೋಯಿತೋ ಎಂಬ ಚಿಂತೆ ಇರಬಾರದು. ಮಗು ಜಗಲಿ ಮೇಲೆ ಕೂತು ಪೀಪಿ ಊದುತ್ತಾ ಇದ್ದರೆ ಅಕ್ಕಪಕ್ಕದವರಿಗೂ ಅದು ಎಲ್ಲಿದೆ ಅಂತ ಗೊತ್ತಿರುತ್ತದೆ.

ರಜೆ ಮುಗಿಸಿ ಬರುವಾಗ ನೀವು ಮಾಡಿದ್ದನ್ನು ತನ್ನಿ. ಈ ಗೋಡೆ ಪತ್ರಿಕೆಯ ಪಕ್ಕದಲ್ಲೇ ದಾರ ಕಟ್ಟಿ ತೂಗುಹಾಕೋಣ. ನಿಮಗೆ ಬೇರೆ ಆಟಿಕೆ ಮಾಡಲು ಬರುವುದಾದರೆ ಮುಂದಿನ ಸಂಚಿಕೆಗೆ ಬರೆದುಕೊಡಿ.

– 7ನೇ ತರಗತಿ ವಿದ್ಯಾರ್ಥಿನಿ