ಫ್ರೇಮಿನ ಅಂಚಿಗೆ ಬಲಿಯಾದ ಹೆಸರು

ಪ್ಯಾರಿಸಿನ ಮಾರಿಯೆತ್ ಮನೆತನದವರು ನಾಲ್ಕು ತಲೆಮಾರು ಅಚ್ಚಿನ ಚಿತ್ರಗಳನ್ನು ಮಾರಿದವರು. ಅವರಲ್ಲಿ ಎರಡನೆಯ ಪಿಯೆರ್ (1634–1716) ಕೈಗೆ ಬಂದ ಚಿತ್ರಗಳ ಬೆನ್ನಿಗೆ ತನ್ನ ಹೆಸರು, ಇಸವಿ ಬರೆದಿಡುತ್ತಿದ್ದ. ಆ ಸಹಿ ಕಂಡರೆ ಸಂಗ್ರಾಹಕರು ಇಂದಿಗೂ ಕಣ್ಣರಳಿಸುತ್ತಾರೆ. ಮೊಮ್ಮಗ ಪಿಯೆರ್-ಜಾನ್ ಕೂಡಿಟ್ಟ ಭಂಡಾರ ಅವನು ತೀರಿಹೋದ ಮೇಲೆ ಹರಾಜಾಯಿತು. ಯಾವ ಚಿತ್ರ ಯಾರ ಕೈ ದಾಟಿತೆಂಬುದು ಮಾತ್ರ ಉಳಿಯಿತು.

ನಮ್ಮ ಸಿಂಧನೂರು, ಲಿಂಗಸೂಗೂರು, ಮಸ್ಕಿ ಕಡೆ ಆದದ್ದು ಇದಕ್ಕೆ ತೀರ ಉಲ್ಟಾ. ಜಾತ್ರೆಯಲ್ಲಿ ಕೊಂಡ ಲಕ್ಷ್ಮಿಯ ಫೋಟೊಕ್ಕೆ ಕಟ್ಟು ಹಾಕುವಾಗ ಅಂಗಡಿಯವರು ಗಾಜಿನ ಅಳತೆ ನೋಡಿ ಕೆಳಗಿನ ಬಿಳಿ ಅಂಚನ್ನು ಸರಕ್ಕನೆ ಕತ್ತರಿಸಿಬಿಡುತ್ತಿದ್ದರು. ಅಚ್ಚು ಹಾಕಿದವರ ಹೆಸರು, ಊರು ಇರುತ್ತಿದ್ದದ್ದೇ ಆ ಬೆರಳಗಲದ ಪಟ್ಟಿಯಲ್ಲಿ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಆ ಹೆಸರಿನ ಹಿಂದೆ ಎಷ್ಟು ಜನರ ಬದುಕಿತ್ತು! ರವಿವರ್ಮ ತಮ್ಮ ರಾಜರಾಜವರ್ಮನ ಜತೆಗೂಡಿ ಮುಂಬೈಯಲ್ಲಿ 1894ರಲ್ಲಿ ಕಲ್ಲಚ್ಚಿನ ಪ್ರೆಸ್ಸು ಹಾಕಿದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದಂತೆ ಒತ್ತಬೇಕು. ಅರಮನೆಯ ಗೋಡೆ ಬಿಟ್ಟು ಸರಸ್ವತಿ ಬಡವರ ಜಗುಲಿಗೆ ಬಂದದ್ದು ಹೀಗೆ. ಪ್ಲೇಗು, ಸಾಲ ಎರಡೂ ಹಿಂಡಿದಾಗ ಪ್ರೆಸ್ಸು ಜರ್ಮನಿಯ ಫ್ರಿಟ್ಜ್ ಶ್ಲೈಖರ್ ಕೈಗೆ ಹೋಯಿತು. ಅಷ್ಟರಲ್ಲಿ ಪ್ರೆಸ್ಸು ಮುಂಬೈ ಬಿಟ್ಟು ಲೋಣಾವಳದ ಬಳಿಗೆ ಹೋಗಿತ್ತು; ಅಲ್ಲಿಂದ ಬಂದ ಚಿತ್ರಗಳ ಅಂಚಿನಲ್ಲಿ ‘ರವಿವರ್ಮ ಪ್ರೆಸ್, ಕಾರ್ಲಾ’ ಎಂದು ಇರುತ್ತಿತ್ತು. 1972ರಲ್ಲಿ ಬೆಂಕಿ ಬಿದ್ದು ಪ್ರೆಸ್ಸು ಸುಟ್ಟುಹೋಯಿತು.

ಇನ್ನೊಂದು ಮನೆತನ ಬ್ರಿಜ್‌ವಾಸಿಯವರದು. ಮಥುರಾ ಕಡೆಯ ಅಣ್ಣತಮ್ಮಂದಿರು 1920ರ ದಶಕದಲ್ಲಿ ಕರಾಚಿಯಲ್ಲಿ ಶುರು ಮಾಡಿದ್ದು ಫ್ರೇಮಿನ ಅಂಗಡಿಯನ್ನೇ. ಆಮೇಲೆ ನಾಥದ್ವಾರದ ಕಲಾವಿದರಿಂದ ಕೃಷ್ಣನನ್ನು ಬರೆಯಿಸಿ, ಜರ್ಮನಿಯಲ್ಲಿ ಅಚ್ಚು ಹಾಕಿಸಿ ಮಾರಿದರು. ಫ್ರೇಮು ಹಾಕುವ ಕೈಯೇ ಪ್ರಕಾಶಕರ ಕೈಯಾಯಿತು.

ನಮ್ಮ ಕಲಬುರಗಿಯ ಚಿತ್ರಕಾರ ಎಸ್. ಎಂ. ಪಂಡಿತ್ (1916–1993) ಬಚಾವಾದರು. ಅವರು ಸಹಿ ಹಾಕುತ್ತಿದ್ದದ್ದು ಚಿತ್ರದೊಳಗೇ. ಕ್ಯಾಲೆಂಡರಿನ ಅಂಚು ಹೋದರೂ ಪಂಡಿತರ ಹೆಸರು ಹೋಗಲಿಲ್ಲ.

ಈಗ ಗಾಜು ಒಡೆದ ದೇವರ ಫೋಟೊಗಳನ್ನು ಬೇವಿನ ಕಟ್ಟೆಗೆ ಇಟ್ಟು ಬರುತ್ತಾರೆ, ಇಲ್ಲವೇ ತುಂಗಭದ್ರಾ ಎಡದಂಡೆ ಕಾಲುವೆಗೆ ಬಿಡುತ್ತಾರೆ. ಬಿಡುವ ಮುಂಚೆ ಮೊಳೆ ಕಿತ್ತು, ಹಿಂದಿನ ರಟ್ಟು ತೆಗೆದು ನೋಡಿ. ಯಾರೋ ಪುಣ್ಯಾತ್ಮರು ಅಂಚನ್ನು ಕತ್ತರಿಸದೆ ಒಳಕ್ಕೆ ಮಡಚಿದ್ದರೆ ಪ್ರೆಸ್ಸಿನ ಹೆಸರು ಅಲ್ಲೇ ಸಿಗುತ್ತದೆ.