ಇಂಗ್ಲಿಷಿನಲ್ಲಿ ಮರೆಯಾದ ಫ್ರೆಂಚ್ ಪದಗಳು

ಷೇಕ್ಸ್‌ಪಿಯರನ ನಾಟಕಗಳನ್ನು ಓದುವಾಗ ‘ಮಾಗರ್’, ‘ಸ್ಯಾನ್ಸ್’ ಎಂಬ ಪದಗಳು ಎದುರಾದರೆ ನಿಘಂಟು ತೆರೆಯಲೇಬೇಕು. ಒಂದು ಕಾಲಕ್ಕೆ ಬಳಕೆಯಲ್ಲಿದ್ದು ಈಗ ಮರೆಯಾದ ಇಂತಹ ಪದಗಳ ತವರು ಫ್ರೆಂಚ್.

1066ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಕದನ ಗೆದ್ದು ಇಂಗ್ಲೆಂಡಿನ ದೊರೆಯಾದನು. ಅರಮನೆಯವರ, ಶ್ರೀಮಂತರ ಮಾತು ಫ್ರೆಂಚ್ ಆಯಿತು. ಹೊಲ, ಸಂತೆಗಳಲ್ಲಿ ಇಂಗ್ಲಿಷ್ ಉಳಿಯಿತು. ಮುಂದೆ ನ್ಯಾಯಾಲಯದ ವಾದವೂ ಫ್ರೆಂಚಿನಲ್ಲೇ ನಡೆಯತೊಡಗಿತು. ತನ್ನ ಪರವಾಗಿ, ವಿರುದ್ಧವಾಗಿ ಏನು ಹೇಳುತ್ತಿದ್ದಾರೆಂದು ಕಟಕಟೆಯಲ್ಲಿ ನಿಂತ ಸಾಮಾನ್ಯನಿಗೇ ತಿಳಿಯುತ್ತಿರಲಿಲ್ಲ. ಇದೇ ಕಾರಣಕ್ಕೆ, ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಕಾನೂನು 1362ರಲ್ಲಿ ಬಂತು. ಆ ಕಾನೂನನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ!

‘ಮಾಗರ್’ ಎಂದರೆ ‘ಲೆಕ್ಕಿಸದೆ’. ಫ್ರೆಂಚಿನಲ್ಲಿ ಅದು ‘ಮಾಲ್‌ಗ್ರೇ’ ಆಗಿ ಇಂದಿಗೂ ಬದುಕಿದೆ. ಇಂಗ್ಲಿಷಿನಲ್ಲಿ ಅದರ ಕೆಲಸವನ್ನು ಈಗ ‘ಡಿಸ್ಪೈಟ್’ ಮಾಡುತ್ತದೆ. ಅದೂ ಫ್ರೆಂಚಿನಿಂದಲೇ ಬಂದದ್ದು. ‘ಇಲ್ಲದೆ’ ಎಂಬರ್ಥದ ‘ಸ್ಯಾನ್ಸ್’ ಪದವು ಇಂಗ್ಲಿಷಿನದೇ ಆದ ‘ವಿದೌಟ್’ ಮುಂದೆ ನಿಲ್ಲಲಾರದೆ ಅಪರೂಪವಾಯಿತು. 1611ರ ಇಂಗ್ಲಿಷ್ ಬೈಬಲಿನಲ್ಲಿರುವ ‘ಪೆರಡ್ವೆಂಚರ್’ ಕೂಡ ಫ್ರೆಂಚ್ ಮೂಲದ್ದು. ಈಗ ಆ ಜಾಗದಲ್ಲಿ ‘ಪರ್‌ಹ್ಯಾಪ್ಸ್’ ಇದೆ.

ನಮ್ಮಲ್ಲೂ ಪಾರ್ಸಿ ಆಡಳಿತ ಭಾಷೆಯಾಗಿದ್ದಾಗ ವಕೀಲ, ಅರ್ಜಿಯಂತಹ ಅರಬ್ಬಿ ಮೂಲದ ಪದಗಳು ಕನ್ನಡಕ್ಕೆ ಬಂದವು. ಪಾರ್ಸಿಯ ಆಡಳಿತ ಮುಗಿದರೂ ಅವು ನಮ್ಮವಾಗಿಯೇ ಉಳಿದಿವೆ. ಅರಸರು ಪದಗಳನ್ನು ತರಬಹುದು, ಉಳಿಸುವುದು ಮಾತ್ರ ಜನರ ನಾಲಗೆ.